ವಿಳಾಸ ಸಿಕ್ಕಿತು, ಮನುಷ್ಯ ಸಿಗಲಿಲ್ಲ



2008ರ ಜುಲೈ 26, ಶನಿವಾರ. ಆ ಸಂಜೆ ಅಹಮದಾಬಾದಿನಲ್ಲಿ ಒಂದರ ಹಿಂದೆ ಒಂದು ಬಾಂಬು ಸಿಡಿದು 50ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮೊದಲ ಸ್ಫೋಟಕ್ಕೆ ಕೆಲವೇ ನಿಮಿಷ ಮುಂಚೆ ‘ಇಂಡಿಯನ್ ಮುಜಾಹಿದೀನ್’ ಹೆಸರಿನಲ್ಲಿ ಸುದ್ದಿಸಂಸ್ಥೆಗಳಿಗೆ ಒಂದು ಇಮೇಲ್ ಹೋಗಿತ್ತು. ಆ ಇಮೇಲ್ ಯಾವ ಇಂಟರ್‌ನೆಟ್ ಸಂಪರ್ಕದಿಂದ ಹೊರಟಿತೆಂದು ಹುಡುಕಿದ ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ ಬಂದು ನಿಂತದ್ದು ನವಿ ಮುಂಬಯಿಯ ಸಾನ್‌ಪಾಡಾದಲ್ಲಿ, ಬಹುಮಹಡಿ ಕಟ್ಟಡವೊಂದರ ಫ್ಲಾಟಿನ ಬಾಗಿಲಿಗೆ. ಅಲ್ಲಿ ಬಾಡಿಗೆಗಿದ್ದವರು ಅಮೆರಿಕದ ಒಬ್ಬ ಪ್ರಜೆ. ಅವರ ಕಂಪ್ಯೂಟರುಗಳನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು, ಅವರನ್ನು ಹಲವು ದಿನ ವಿಚಾರಿಸಿದರು. ಕೊನೆಗೆ ತಿಳಿದದ್ದು ಇಷ್ಟೆ: ಅವರ ಮನೆಯ ವೈಫೈಗೆ ಯಾವ ರಕ್ಷಣೆಯೂ ಇರಲಿಲ್ಲ. ಅದರ ಅಲೆ ಗೋಡೆ ದಾಟಿ ಹೊರಗೆ ಹರಡಿತ್ತು, ಯಾರೋ ಅದನ್ನು ಹಿಡಿದು ಕೆಲಸ ಮುಗಿಸಿಕೊಂಡು ಹೋಗಿದ್ದರು.

ಅದು ಒಂದೇ ಸಲ ನಡೆದಿದ್ದರೆ ದುರದೃಷ್ಟವೆನ್ನಬಹುದಿತ್ತು. ಆದರೆ ಅದೇ ವರ್ಷ ಆಗಸ್ಟ್ 23ರಂದು ಅದೇ ಹೆಸರಿನ ಮತ್ತೊಂದು ಇಮೇಲ್ ಮಾಟುಂಗಾದ ಖಾಲ್ಸಾ ಕಾಲೇಜಿನ ಸಂಪರ್ಕದಿಂದ ಹೋಯಿತು. ಸೆಪ್ಟೆಂಬರ್ 13ರಂದು ದಿಲ್ಲಿಯಲ್ಲಿ ಬಾಂಬು ಸಿಡಿದಾಗ ಬಂದ ಇಮೇಲಿನ ಮೂಲ ಚೆಂಬೂರಿನ ಒಂದು ಖಾಸಗಿ ಕಂಪನಿಯ ವೈಫೈ ಎಂದು ಗೊತ್ತಾಯಿತು. ಆ ಅಕ್ಟೋಬರಿನಲ್ಲಿ ಮುಂಬಯಿ ಕ್ರೈಂ ಬ್ರಾಂಚ್ ಬಂಧಿಸಿದವರಲ್ಲಿ ಪುಣೆಯಲ್ಲಿದ್ದ ಸಾಫ್ಟ್‌ವೇರ್ ಇಂಜಿನಿಯರರೂ ಇದ್ದರು. ಬೀಗವಿಲ್ಲದ ವೈಫೈಗಳನ್ನು ಹುಡುಕುತ್ತ ಊರೆಲ್ಲ ಸುತ್ತಿ, ಸಿಕ್ಕಲ್ಲಿಂದ ಇಮೇಲ್ ಕಳಿಸಿದರೆಂಬುದು ಪೊಲೀಸರ ಆರೋಪ. ಸಾನ್‌ಪಾಡಾ, ಮಾಟುಂಗಾ, ಚೆಂಬೂರು ಈ ಮೂರೂ ಮುಂಬಯಿ ಕನ್ನಡಿಗರು ಚೆನ್ನಾಗಿ ಬಲ್ಲ ಜಾಗಗಳು. ಅಲ್ಲಿನ ಯಾವ ಮನೆಯೂ, ಯಾವ ಆಫೀಸೂ ಈ ಪಟ್ಟಿಯಲ್ಲಿ ಸೇರಬಹುದಿತ್ತು. 2009ರ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ, ಸಾರ್ವಜನಿಕ ಜಾಗದಲ್ಲಿ ವೈಫೈ ಕೊಡುವವರು ಬಳಕೆದಾರರನ್ನು ಗುರುತಿನ ದಾಖಲೆಯಿಂದಲೋ ಮೊಬೈಲಿಗೆ ಬರುವ ಸಂಕೇತದಿಂದಲೋ ಗುರುತಿಸಿಯೇ ಒಳಗೆ ಬಿಡಬೇಕೆಂದು ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಇಂದು ರೈಲ್ವೆ ಸ್ಟೇಷನ್ನಿನಲ್ಲಿ, ವಿಮಾನ ನಿಲ್ದಾಣದಲ್ಲಿ ವೈಫೈಗೆ ಮೊದಲು ಓಟಿಪಿ ಕೇಳುತ್ತಾರಲ್ಲ, ಅದರ ಹಿಂದೆ ಈ ನಗರದ ಆ ಮೂರು ತಿಂಗಳ ಕಥೆ ಇದೆ.

ಆ ಕಥೆಯಿಂದ ನಾವು ಪಾಸ್‌ವರ್ಡ್ ಹಾಕುವುದನ್ನು ಕಲಿತೆವು. ಆದರೆ ಅದರ ಮುಖ್ಯ ಪಾಠವನ್ನು ಕಲಿತಿಲ್ಲ ಎಂಬುದೇ ಇಂದಿನ ನನ್ನ ಮಾತಿನ ತಿರುಳು. ಯಂತ್ರದ ಸಂಖ್ಯೆ ಮನುಷ್ಯನ ಗುರುತಾಗುವುದಿಲ್ಲ. ಅತಿಥಿಗಳಿಗೆಂದು ಹಂಚಿದ ವೈಫೈಯಲ್ಲಿ ಅಪರಿಚಿತ ಯಂತ್ರ ಯಾವುದೆಂದು ತಿಳಿಯಬೇಕಾದರೆ ಸಂಖ್ಯೆಗಳ ಪಟ್ಟಿಯನ್ನು ದಿಟ್ಟಿಸಿ ಫಲವಿಲ್ಲ. ಯಾರನ್ನು ಒಳಗೆ ಕರೆದೆವು, ಯಾವಾಗ ಕರೆದೆವು, ಎಲ್ಲಿಯವರೆಗೆ ಬಿಟ್ಟೆವು ಎಂಬುದನ್ನು ವೈಫೈ ಕೊಡುವವರೇ ಮೊದಲು ವ್ಯವಸ್ಥೆ ಮಾಡಿಕೊಂಡಿರಬೇಕು.

ಸಂಖ್ಯೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಸಾನ್‌ಪಾಡಾಕ್ಕಿಂತ ಒಂದು ವರ್ಷ ಮೊದಲೇ ಕರ್ನಾಟಕದಲ್ಲಿ ಕಹಿ ನಿದರ್ಶನ ಸಿಕ್ಕಿತ್ತು. 2007ರ ಆಗಸ್ಟ್ ಕೊನೆಯಲ್ಲಿ, ಆರ್ಕುಟ್ ತಾಣದಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದ ಆರೋಪದ ಮೇಲೆ ಪುಣೆಯ ಪೊಲೀಸರು ಬೆಂಗಳೂರಿನ ಒಬ್ಬ ಯುವ ಸಾಫ್ಟ್‌ವೇರ್ ಉದ್ಯೋಗಿಯನ್ನು ಹಿಡಿದೊಯ್ದರು. ಚಿತ್ರ ಹಾಕಿದ ಸಂಪರ್ಕದ ಸಂಖ್ಯೆ, ಅಂದರೆ ಐಪಿ ವಿಳಾಸ, ಅವನದೆಂದು ಇಂಟರ್‌ನೆಟ್ ಕಂಪನಿ ಹೇಳಿತ್ತು. ಆ ಮಾಹಿತಿ ತಪ್ಪಾಗಿತ್ತು. ತಪ್ಪು ಹೊರಬಂದು ಅವನು ಯರವಡಾ ಜೈಲಿನಿಂದ ಹೊರಬೀಳುವ ಹೊತ್ತಿಗೆ 50 ದಿನ ಕಳೆದಿತ್ತು. ಸಾನ್‌ಪಾಡಾದಲ್ಲಿ ಸಂಖ್ಯೆ ಸರಿಯಾಗಿಯೇ ಇತ್ತು, ಅದರ ಹಿಂದಿನ ಮನುಷ್ಯ ಬೇರೆಯಾಗಿದ್ದ. ಬೆಂಗಳೂರಿನ ಪ್ರಕರಣದಲ್ಲಿ ಸಂಖ್ಯೆ ಯಾರದೆಂಬ ಮಾಹಿತಿಯೇ ತಪ್ಪಿತ್ತು. ಎರಡು ಕಡೆಯೂ ಪೆಟ್ಟು ಬಿದ್ದದ್ದು ಏನೂ ಮಾಡದವರಿಗೆ.

ಹೀಗೇಕೆ ಆಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯ ರೂಟರಿಗೆ ಹತ್ತು ಫೋನುಗಳು ಸೇರಿಕೊಂಡಿವೆ ಎನ್ನಿ. ರೂಟರು ಪ್ರತಿಯೊಂದಕ್ಕೂ ಒಳಗಿನ ಬಳಕೆಗೆ ಮಾತ್ರ ಒಂದೊಂದು ಸಂಖ್ಯೆ ಕೊಡುತ್ತದೆ. ಸಾಮಾನ್ಯವಾಗಿ ಅದು 192.168 ಎಂದು ಶುರುವಾಗುತ್ತದೆ. ಹೊರಜಗತ್ತಿಗೆ ಈ ಹತ್ತೂ ಒಂದೇ ವಿಳಾಸದಿಂದ ಮಾತಾಡಿದಂತೆ ಕಾಣುತ್ತವೆ. ಮಗಳು ಪಾಠ ಕೇಳಿದರೂ, ನೆಂಟರ ಹುಡುಗ ಆಟವಾಡಿದರೂ, ಮೆಟ್ಟಿಲ ಬಳಿ ನಿಂತ ಅಪರಿಚಿತ ಇಮೇಲ್ ಕಳಿಸಿದರೂ ಹೊರಗೆ ಕಾಣುವುದು ಚಂದಾದಾರನ ಸಂಪರ್ಕ ಒಂದೇ. ಇದಕ್ಕಿಂತ ಮುಂದೆ ಹೋಗಿ, ವಿಳಾಸಗಳ ಕೊರತೆಯಿಂದಾಗಿ ಅನೇಕ ಕಂಪನಿಗಳು ಒಂದೇ ಹೊರವಿಳಾಸವನ್ನು ನೂರಾರು ಗಿರಾಕಿಗಳಿಗೆ ಹಂಚುತ್ತವೆ. ಆಗ ನಿಖರವಾದ ಹೊತ್ತು ಮತ್ತು ಒಂದೇ ವಿಳಾಸದೊಳಗಿನ ಸಂಪರ್ಕಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಪೋರ್ಟ್ ಸಂಖ್ಯೆ ಎರಡೂ ಇಲ್ಲದಿದ್ದರೆ ಐಪಿ ವಿಳಾಸದಿಂದ ಮನೆಯೂ ಗೊತ್ತಾಗುವುದಿಲ್ಲ. ಹೊತ್ತಿನ ವಿಷಯದಲ್ಲಿ ಭಾರತದ ಗಡಿಯಾರಕ್ಕೂ ಗ್ರೀನಿಚ್ ಗಡಿಯಾರಕ್ಕೂ ಇರುವ ಐದೂವರೆ ಗಂಟೆಯ ಅಂತರವನ್ನು ಮರೆತರೂ ಸಾಕು, ತನಿಖೆ ಬೇರೆ ಯಾರದೋ ಮನೆಗೆ ಹೋಗಿ ಮುಟ್ಟುತ್ತದೆ.

ಹೊರಗಿನಿಂದ ಗೊತ್ತಾಗದಿದ್ದರೆ ಒಳಗಿನಿಂದ ನೋಡೋಣ ಎಂದು ಕೆಲವರು ರೂಟರಿನ ಪುಟ ತೆರೆಯುತ್ತಾರೆ. ಅಲ್ಲಿ ಈಗ ಸೇರಿಕೊಂಡಿರುವ ಡಿವೈಸುಗಳ ಪಟ್ಟಿ ಇರುತ್ತದೆ. ಪ್ರತಿಯೊಂದರ ಎದುರು ಹನ್ನೆರಡು ಅಕ್ಷರ ಮತ್ತು ಅಂಕಿಗಳ ಒಂದು ಸಾಲು. ಅದಕ್ಕೆ ಮ್ಯಾಕ್ ವಿಳಾಸ ಎನ್ನುತ್ತಾರೆ. ಅದರ ಮೊದಲ ಆರು ಗುರುತುಗಳನ್ನು ಐಇಇಇ ಎಂಬ ಅಂತರರಾಷ್ಟ್ರೀಯ ಸಂಸ್ಥೆ ತಯಾರಕರಿಗೆ ಹಂಚುತ್ತದೆ. ಹಾಗಾಗಿ ಆ ಆರನ್ನು ನೋಡಿ ಕಂಪನಿ ಯಾವುದೆಂದು ಹೇಳಬಹುದು. ಇಲ್ಲಿ ಗಲಿಬಿಲಿ ಶುರುವಾಗುತ್ತದೆ. ಪಟ್ಟಿಯಲ್ಲಿ ಕಾಣುವ ಹೆಸರು ಬಹಳ ಸಲ ಒಳಗಿನ ವೈಫೈ ಭಾಗವನ್ನು ಮಾಡಿದವರದು, ನೀವು ಅಂಗಡಿಯಲ್ಲಿ ಕೇಳಿ ತಂದ ಬ್ರಾಂಡಿನದಲ್ಲ. ನೀವು ಬಲ್ಬು ತಂದಿರುತ್ತೀರಿ, ಪಟ್ಟಿ ಶಾಂಘೈಯ ಎಸ್ಪ್ರೆಸಿಫ್ ಎನ್ನುತ್ತದೆ. ಪ್ರಿಂಟರ್ ತಂದಿರುತ್ತೀರಿ, ಪಟ್ಟಿ ಹಾನ್ ಹೈ ಎನ್ನುತ್ತದೆ. ಎಂದೂ ಕೇಳದ ಚೀನೀ ಹೆಸರು ಕಂಡು, ಯಾರೋ ನುಗ್ಗಿದ್ದಾರೆಂದು ಗಾಬರಿಬಿದ್ದು, ಪಕ್ಕದ ಮನೆಯ ಹುಡುಗನ ಮೇಲೆ ಅನುಮಾನಪಡುವವರಿದ್ದಾರೆ. ಬಹುಪಾಲು ಅಂಥ ಯಂತ್ರ ಅವರದೇ ಹಾಲಿನ ಗೋಡೆಯ ಮೇಲಿರುತ್ತದೆ.

ಫೋನುಗಳ ವಿಷಯ ಇನ್ನೂ ತೊಡಕಿನದು. 2019ರಲ್ಲಿ ಬಂದ ಆಂಡ್ರಾಯ್ಡ್ 10 ಮತ್ತು 2020ರಲ್ಲಿ ಬಂದ ಐಓಎಸ್ 14ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು ವೈಫೈಗೆ ಹೇಳುವುದನ್ನು ಬಿಟ್ಟಿವೆ. ಒಂದೊಂದು ವೈಫೈಗೆ ಒಂದೊಂದು ಕೃತಕ ವಿಳಾಸ ಹೇಳುತ್ತವೆ, ಕೆಲವು ಆಗಾಗ ಅದನ್ನೂ ಬದಲಿಸುತ್ತವೆ. ಇದನ್ನು ಗುರುತಿಸುವ ಒಂದು ಸರಳ ದಾರಿ ಇದೆ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ: ವಿಳಾಸದ ಎರಡನೆಯ ಗುರುತು 2, 6, ಎ ಅಥವಾ ಇ ಆಗಿದ್ದರೆ ಆ ವಿಳಾಸ ಕಾರ್ಖಾನೆಯಲ್ಲಿ ಬರೆದದ್ದಲ್ಲ, ಯಂತ್ರ ತಾನೇ ಹುಟ್ಟಿಸಿಕೊಂಡದ್ದು. ಅಂಥ ವಿಳಾಸದಿಂದ ತಯಾರಕರನ್ನು ಹುಡುಕುವುದು ವ್ಯರ್ಥ. ನಿನ್ನೆ ಬಂದ ಫೋನು ಇವತ್ತು ಹೊಸ ವಿಳಾಸದಲ್ಲಿ ಬಂದರೆ ಪಟ್ಟಿಗೆ ಅದು ಹೊಸಬ. ಕೇಡು ಬಯಸುವವನಂತೂ ಬೇಕಾದ ವಿಳಾಸವನ್ನೇ ಹಾಕಿಕೊಳ್ಳಬಲ್ಲ, ನಿಮ್ಮ ಮನೆಯ ಟಿವಿಯ ವಿಳಾಸವನ್ನೂ ನಕಲು ಮಾಡಬಲ್ಲ. ಮ್ಯಾಕ್ ವಿಳಾಸಗಳನ್ನು ಆರಿಸಿ ಒಳಗೆ ಬಿಡುವ ವ್ಯವಸ್ಥೆಯನ್ನು ಭದ್ರತೆಯೆಂದು ನಂಬಿ ಕೂತಿರುವ ಆಫೀಸುಗಳು ಇದನ್ನು ಗಮನಿಸಬೇಕು. ಸೊಸೈಟಿಯ ವಾಚ್‌ಮನ್ ಬಂದವರ ಹೆಸರನ್ನೂ ಯಾರ ಮನೆಗೆ ಬಂದರೆಂಬುದನ್ನೂ ಬಿಟ್ಟು ಅಂಗಿಯ ಬಣ್ಣವನ್ನಷ್ಟೇ ಪುಸ್ತಕದಲ್ಲಿ ಬರೆದುಕೊಂಡಂತೆ ಈ ವ್ಯವಸ್ಥೆ.

ವಾಚ್‌ಮನ್ನನ ಪುಸ್ತಕದಲ್ಲಿ ಇರಬೇಕಾದ ‘ಯಾರ ಮನೆಗೆ’ ಎಂಬ ಕಾಲಂ ವೈಫೈಗೂ ಬೇಕು. ಮನೆಯಲ್ಲಿ ಇದು ಕಷ್ಟವಿಲ್ಲ. ಈಗ ಸಿಗುವ ಹೆಚ್ಚಿನ ರೂಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಆಯ್ಕೆ ಇದೆ. ಮನೆಯವರ ಫೋನು, ಲ್ಯಾಪ್‌ಟಾಪು ಒಂದು ಹೆಸರಿನ ವೈಫೈಯಲ್ಲಿ, ಬಂದವರದು ಇನ್ನೊಂದು ಹೆಸರಿನದರಲ್ಲಿ. ಅತಿಥಿಗಳ ಜಾಲದಿಂದ ಮನೆಯ ಯಂತ್ರಗಳು ಕಾಣಬೇಕೇ ಎಂಬ ಆಯ್ಕೆಯೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಅದನ್ನು ಮುಚ್ಚಿಡಬೇಕು. ಪಟ್ಟಿಯಲ್ಲಿ ಅನುಮಾನದ ಯಂತ್ರ ಕಂಡರೆ ಅದರ ಬೆನ್ನು ಹತ್ತುವ ಬದಲು ಪಾಸ್‌ವರ್ಡ್ ಬದಲಿಸಿ, ನಿಮ್ಮ ಯಂತ್ರಗಳನ್ನು ಒಂದೊಂದಾಗಿ ನೀವೇ ಕೈಯಾರೆ ಸೇರಿಸಿ, ಸೇರಿಸುವಾಗಲೇ ಪಟ್ಟಿಯಲ್ಲಿ ಹೆಸರು ಬರೆದಿಡಿ: ಹಾಲಿನ ಟಿವಿ, ಅತ್ತೆಯವರ ಫೋನು, ಬಾಗಿಲ ಕ್ಯಾಮರಾ ಎಂದು. ಅನ್ಯರ ಯಂತ್ರ ತಾನಾಗಿ ಹೊರಗುಳಿಯುತ್ತದೆ. ಯಾವುದಾದರೂ ಬಲ್ಬು, ಗೀಸರು ಕೆಲಸ ನಿಲ್ಲಿಸಿದರೆ ಆ ಚೀನೀ ಹೆಸರು ಯಾರದೆಂಬುದೂ ಬಗೆಹರಿಯಿತು. ಗಂಟೆಗಟ್ಟಲೆ ಸಂಖ್ಯೆ ಹುಡುಕಿ ಸಿಗದ ಉತ್ತರ ಹೀಗೆ ಒಂದು ಸಂಜೆಯಲ್ಲಿ ಸಿಗುತ್ತದೆ.

ಸಭಾಗೃಹಗಳಲ್ಲಿ, ಹೋಟೆಲುಗಳಲ್ಲಿ ಸಮಸ್ಯೆ ದೊಡ್ಡದು. ಮುಂಬಯಿ ಕನ್ನಡಿಗರ ಬದುಕೇ ಇಂಥ ಹಂಚಿಕೊಂಡ ಜಾಗಗಳಲ್ಲಿ ಕಟ್ಟಿಕೊಂಡದ್ದು. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಕುರ್ಲಾದ ಬಂಟರ ಭವನ, ಸಾಂತಾಕ್ರೂಜಿನ ಬಿಲ್ಲವ ಭವನದಂಥ ಕಡೆ ನಾಟಕ, ಮದುವೆ, ಯಕ್ಷಗಾನ, ಪುಸ್ತಕ ಬಿಡುಗಡೆ ಎಂದು ವಾರಕ್ಕೊಂದು ಹೊಸ ಜನಸಮೂಹ ಸೇರುತ್ತದೆ. ಊರು ತುಂಬ ನಮ್ಮವರ ಹೋಟೆಲು, ಲಾಡ್ಜುಗಳಿವೆ. ಇಂಥ ಕಡೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗೋಡೆಗೆ ಅಂಟಿಸಿದ ಒಂದು ಪಾಸ್‌ವರ್ಡ್, ವರ್ಷಗಳಿಂದ ಅದೇ. ಈಗಿನ ಫೋನಿನಲ್ಲಿ ಕ್ಯೂಆರ್ ಚಿತ್ರ ತೋರಿಸಿದರೆ ಸಾಕು, ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರಿಗೆ ಹೋಗುತ್ತದೆ, ಬಾಯಿಬಿಟ್ಟು ಹೇಳುವ ಅಗತ್ಯವೂ ಇಲ್ಲ. ಮೂರು ವರ್ಷದ ಹಿಂದಿನ ಮದುವೆಗೆ ಬಂದ ಅಡುಗೆಯವರ ಹುಡುಗನ ಫೋನು ಇವತ್ತಿಗೂ ಬೀದಿಯಿಂದಲೇ ಸೇರಿಕೊಳ್ಳಬಲ್ಲುದು. ಲಾಡ್ಜಿನವರು ತಂಗುವವರ ಹೆಸರು, ಗುರುತಿನ ಚೀಟಿ ಎಲ್ಲ ಬರೆದುಕೊಳ್ಳುತ್ತಾರೆ, ವಿದೇಶಿಯರಿದ್ದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕಳಿಸುತ್ತಾರೆ. ಆದರೆ ಅದೇ ಕೌಂಟರಿನಲ್ಲಿ ಎಲ್ಲರಿಗೂ ಒಂದೇ ವೈಫೈ ಪಾಸ್‌ವರ್ಡ್ ಕೊಟ್ಟು ಆ ಶ್ರಮವನ್ನೆಲ್ಲ ನೀರುಪಾಲು ಮಾಡುತ್ತಾರೆ. ಕೋಣೆಗೊಂದು, ದಿನಕ್ಕೊಂದು ಸಂಕೇತ ಕೊಟ್ಟು, ಕೋಣೆ ಖಾಲಿಯಾದ ಕೂಡಲೇ ಅದು ಮುಗಿಯುವಂತೆ ಮಾಡುವ ಉಪಕರಣಗಳು ದುಬಾರಿಯಾಗಿ ಉಳಿದಿಲ್ಲ. ಸಭಾಗೃಹಕ್ಕೆ ಅಷ್ಟೂ ಬೇಡ, ಕಾರ್ಯಕ್ರಮಕ್ಕೊಂದು ಪಾಸ್‌ವರ್ಡ್ ಇಟ್ಟು ಮರುದಿನ ಬದಲಿಸಿದರೆ ಸಾಕು.

ಇದು ಆತಿಥ್ಯಕ್ಕೆ ವಿರುದ್ಧ, ನೀರು ಕೊಡುವಾಗ ಯಾರೂ ಹೆಸರು ಕೇಳುವುದಿಲ್ಲ ಎಂಬ ಆಕ್ಷೇಪ ಕೇಳಿಬರುತ್ತದೆ. ಮುಕ್ತ ವೈಫೈ ಬಡವರಿಗೆ ನೆರವು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದೇ ಊರಿನ ಅನುಭವ ನೋಡಿ. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲ್ವೆಯ ಸಂಸ್ಥೆ ರೈಲ್‌ಟೆಲ್ ಮತ್ತು ಗೂಗಲ್ ಸೇರಿ ಉಚಿತ ವೈಫೈ ಶುರುಮಾಡಿದವು. ಗೂಗಲ್ ಆಮೇಲೆ ಹಿಂದೆ ಸರಿದರೂ ರೈಲ್‌ಟೆಲ್ ಅದನ್ನು ನಡೆಸಿತು. 2017ರ ಜನವರಿಯಲ್ಲಿ ರಾಜ್ಯ ಸರ್ಕಾರ ಮುಂಬಯಿಯ 500 ಜಾಗಗಳಲ್ಲಿ ವೈಫೈ ತೆರೆಯಿತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಚಹಾದಂಗಡಿಯವರೂ ಪರವಾನಗಿ, ಶುಲ್ಕ ಇಲ್ಲದೆ ವೈಫೈ ಹಂಚಬಹುದು. ಬಳಸುವವರನ್ನು ಗುರುತಿಸುವ ಕೆಲಸ ಅಂಗಡಿಯವರದಲ್ಲ, ಬೇರೆ ಸಂಸ್ಥೆಯದು. ಇವೆಲ್ಲ ಮೊಬೈಲ್ ಸಂಖ್ಯೆಯ ಗುರುತಿನ ಮೇಲೆಯೇ ನಡೆದವು. ಗುರುತು ಕೇಳಿದ್ದರಿಂದ ಜನ ದೂರ ಹೋಗಲಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಖಾಸಗಿತನದ್ದು. ಬಂದವರ ಗುರುತು ಬರೆದಿಡುತ್ತ ಹೋದರೆ ಹೋಟೆಲು, ಸಂಘ, ಸೊಸೈಟಿ ಎಲ್ಲವೂ ಜನರ ಮೇಲೆ ಕಣ್ಣಿಡುವ ಠಾಣೆಗಳಾಗುವುದಿಲ್ಲವೇ? ಈ ಭಯ ಸಕಾರಣವಾದದ್ದು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. ಆ ತೀರ್ಪಿನ ಬೆಳಕಿನಲ್ಲೇ ನಾನು ಮಾತಾಡುತ್ತಿದ್ದೇನೆ. ಫೋನುಗಳು ಮ್ಯಾಕ್ ವಿಳಾಸ ಮರೆಮಾಚತೊಡಗಿದ್ದಕ್ಕೂ ಕಾರಣವಿದೆ. ಮಾಲ್‌ಗಳಲ್ಲಿ, ಅಂಗಡಿಗಳಲ್ಲಿ ಆ ಸಂಖ್ಯೆಯನ್ನು ಹಿಡಿದು ಗಿರಾಕಿಗಳ ಓಡಾಟವನ್ನು ಗುಟ್ಟಾಗಿ ಅಳೆಯುವ ಪದ್ಧತಿ ಬೆಳೆದಿತ್ತು. ಆದ್ದರಿಂದ ಅತಿಥಿಗೆ ‘ನಿಮ್ಮ ಫೋನಿನ ಮರೆಮಾಚುವ ಸೌಲಭ್ಯ ಆಫ್ ಮಾಡಿ’ ಎಂದು ಹೇಳುವುದು ಸರಿಯಲ್ಲ. ಯಾರಿಗೆ, ಯಾವ ಹೊತ್ತಿನಲ್ಲಿ ಸಂಪರ್ಕ ಕೊಟ್ಟೆವು ಎಂಬಷ್ಟನ್ನು ಇಡಬೇಕು. ಅವರು ಏನು ನೋಡಿದರು ಎಂಬುದು ನಮಗೆ ಬೇಡ. ಕಂಪನಿಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ದಾಖಲೆಯನ್ನು 180 ದಿನ ಇಡಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಹೇಳುತ್ತದೆ. ಮನೆಗಳು ಅದರ ವ್ಯಾಪ್ತಿಯಲ್ಲಿಲ್ಲ. ಹೋಟೆಲು ನಡೆಸುವ ಕಂಪನಿ ಆ ಅವಧಿ ಮುಗಿದ ಮೇಲೂ ಅತಿಥಿಗಳ ಮೊಬೈಲ್ ಸಂಖ್ಯೆ ಗುಡ್ಡೆಹಾಕಿಕೊಂಡು ಜಾಹೀರಾತಿಗೆ ಬಳಸಿದರೆ ಅದು ನಂಬಿಕೆದ್ರೋಹ. ಗೋಡೆಯ ಮೇಲಿನ ಒಂದೇ ಪಾಸ್‌ವರ್ಡ್ ಖಾಸಗಿತನವನ್ನು ಕಾಯುತ್ತದೆ ಎಂಬ ಭ್ರಮೆಯೂ ಬೇಡ. ಅಪರಾಧ ನಡೆದ ದಿನ ಸಂಪರ್ಕದಲ್ಲಿದ್ದ ಎಲ್ಲರ ಫೋನೂ ಪೊಲೀಸರ ಮೇಜಿನ ಮೇಲೆ ಬರುವುದು ಆಗಲೇ.

ಕಳ್ಳನ ಬಳಿ ಸುಳ್ಳು ಹೆಸರಿನ ಸಿಮ್ ಇರುತ್ತದೆ, ಓಟಿಪಿಯಿಂದ ಅವನೇನು ಸಿಗುವುದಿಲ್ಲ ಎನ್ನುವವರ ಮಾತಿನಲ್ಲೂ ನಿಜವಿದೆ. ಆದರೆ ಈ ಎಚ್ಚರದ ಮುಖ್ಯ ಫಲ ಕಳ್ಳನನ್ನು ಹಿಡಿಯುವುದಲ್ಲ. ಸಾನ್‌ಪಾಡಾದ ಬಾಡಿಗೆದಾರರ ಬಳಿ ‘ಆ ಹೊತ್ತಿನಲ್ಲಿ ನನ್ನ ವೈಫೈಯಲ್ಲಿ ನಾನು ಬಿಟ್ಟವರು ಇಂತಿಂಥವರು’ ಎಂದು ತೋರಿಸುವ ಆಧಾರವಿದ್ದಿದ್ದರೆ ಅವರ ಗತಿ ಬೇರೆಯಾಗಿರುತ್ತಿತ್ತು. ನಿರಪರಾಧಿಯ ಕೈಗೆ ಒಂದು ಉತ್ತರ ಕೊಡುವುದು ಇದರ ಉದ್ದೇಶ.

ಈಗ ಎಲ್ಲರ ಬಳಿ ಅಗ್ಗದ ಮೊಬೈಲ್ ಡೇಟಾ ಇದೆ, ಅತಿಥಿ ವೈಫೈಯನ್ನು ಯಾರು ಕೇಳುತ್ತಾರೆ ಎಂದೂ ಹೇಳಬಹುದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಬೆಲೆ ನೆಲಕ್ಕಿಳಿದದ್ದು ನಿಜ. ಫೋನು ಹಿಡಿದ ಮನುಷ್ಯರು ವೈಫೈ ಕೇಳುವುದು ಕಡಿಮೆಯಾಗಿದೆ, ಅವರ ಜಾಗಕ್ಕೆ ಯಂತ್ರಗಳು ಬಂದಿವೆ. ಲಿಫ್ಟಿನ ಕ್ಯಾಮರಾ, ಹೋಟೆಲಿನ ಬಿಲ್ಲಿಂಗ್ ಯಂತ್ರ, ಕಾರ್ಡು ಉಜ್ಜುವ ಯಂತ್ರ, ಸಭಾಗೃಹದ ಪ್ರೊಜೆಕ್ಟರು, ಏಸಿ. ಅದೇ 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲೋಕದ ತುಂಬ ಲಕ್ಷಾಂತರ ಕ್ಯಾಮರಾ, ರೂಟರುಗಳನ್ನು ಹಿಡಿದುಕೊಂಡಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೇ ಅದರ ಕೀಲಿಕೈ. ಅಕ್ಟೋಬರ್ 21ರಂದು ಅಂಥ ಯಂತ್ರಗಳು ಒಟ್ಟಾಗಿ, ತಾಣಗಳ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸಿಕೊಡುವ ಅಮೆರಿಕದ ಡೈನ್ ಎಂಬ ಕಂಪನಿಯ ಮೇಲೆ ಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಪಟ್ಟಿಯಲ್ಲಿ ಆ ಕ್ಯಾಮರಾಗಳು ಅಪರಿಚಿತವಾಗಿರಲಿಲ್ಲ, ಮಾಲೀಕರೇ ದುಡ್ಡು ಕೊಟ್ಟು ತಂದು ಗೋಡೆಗೆ ಹೊಡೆದಂಥವು. ಬಿಲ್ಲಿಂಗ್ ಯಂತ್ರ ಮತ್ತು ಅತಿಥಿಗಳ ಫೋನು ಒಂದೇ ಜಾಲದಲ್ಲಿರುವ ಹೋಟೆಲಿನವರು ಈ ಮಾತನ್ನು ವಿಶೇಷವಾಗಿ ಕೇಳಿಸಿಕೊಳ್ಳಬೇಕು. ಯಂತ್ರಗಳಿಗೆ ಮೂರನೆಯದೊಂದು ಪ್ರತ್ಯೇಕ ಜಾಲ ಬೇಕು.

ತನಿಖೆ ಮಾಡುವವರಿಗೂ ಒಂದು ಮಾತು ಹೇಳಬೇಕು. ವೈಫೈ ಮಾಲೀಕರು ಎಷ್ಟೇ ಎಚ್ಚರದಿಂದಿದ್ದರೂ ಐಪಿ ವಿಳಾಸ ಸಿಕ್ಕಿತೆಂದು ಬಾಗಿಲು ಬಡಿದು ಬೇಡಿ ಹಾಕಿದರೆ 2007ರ ಅನ್ಯಾಯ ಮರುಕಳಿಸುತ್ತದೆ. ಆ ಸಂಖ್ಯೆಯಿಂದ ವಿಚಾರಣೆ ಶುರುವಾಗಲಿ, ಬಂಧನಕ್ಕೆ ಅದೊಂದೇ ಆಧಾರವಾಗಬಾರದು. ಹೊತ್ತು, ಪೋರ್ಟ್, ರೂಟರಿನ ದಾಖಲೆ, ಆ ಮನೆಯ ವೈಫೈ ಎಲ್ಲಿಯವರೆಗೆ ಹರಡುತ್ತದೆ ಎಂಬ ಅಳತೆ ಇವಿಷ್ಟನ್ನು ನೋಡದೆ ಯಾರನ್ನೂ ಆರೋಪಿಯೆನ್ನಬಾರದು. ಒಂದೇ ಗೋಡೆಯ ಎರಡು ಬದಿಗೆ ಎರಡು ಸಂಸಾರ ಬಾಳುವ ಈ ನಗರದಲ್ಲಿ ಅಲೆ ಯಾರ ಮನೆಯಲ್ಲೂ ನಿಲ್ಲುವುದಿಲ್ಲ.

ಸಂಘಗಳ ಕಾರ್ಯದರ್ಶಿಗಳಲ್ಲಿ, ಹೋಟೆಲು ಲಾಡ್ಜುಗಳ ಮಾಲೀಕರಲ್ಲಿ, ಸೊಸೈಟಿಯ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇದು. ಮುಂದಿನ ಕಾರ್ಯಕ್ರಮಕ್ಕೆ ಮೊದಲು ಗೋಡೆಯ ಮೇಲಿನ ಆ ಹಳೆಯ ಪಾಸ್‌ವರ್ಡಿನ ಚೀಟಿ ಕಿತ್ತುಹಾಕಿ. ಅತಿಥಿಗಳಿಗೆ, ನಿಮ್ಮ ಕೆಲಸದ ಯಂತ್ರಗಳಿಗೆ ಬೇರೆ ಬೇರೆ ಜಾಲ ಮಾಡಿಸಿ. ರೂಟರು ಕೂಡಿಸಿಕೊಟ್ಟ ಹುಡುಗನೇ ಇಟ್ಟುಹೋದ ಆಡಳಿತದ ಪಾಸ್‌ವರ್ಡನ್ನು ಬದಲಿಸಿ. ಹೊಸದನ್ನು ಯಾರಿಗೆ, ಯಾವ ದಿನ ಕೊಟ್ಟಿರೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಇದು ಗೊತ್ತಾಗದವರಿಗೆ ಮಾಡಿಕೊಡಬಲ್ಲ ಇಂಜಿನಿಯರ್ ಹುಡುಗ ಹುಡುಗಿಯರು ನಮ್ಮ ಪ್ರತಿ ಸಂಘದಲ್ಲೂ ಇದ್ದಾರೆ, ಅವರನ್ನು ಕರೆದು ಕೇಳಿ.